ವಾಲ್ ಸ್ಟ್ರೀಟಿನ ಮೆಟ್ಟಿಲುಗಳು

ನ್ಯೂಯಾರ್ಕಿನ ವಾಲ್ ಸ್ಟ್ರೀಟ್ ಎಂದೊಡನೆ ಷೇರುಪೇಟೆ ನೆನಪಾಗುತ್ತದೆ. ಅದರ ಎದುರಿಗೇ ಕಂಬಸಾಲಿನ ಫೆಡರಲ್ ಹಾಲ್. ಮೆಟ್ಟಿಲ ಬಳಿ ಜಾರ್ಜ್ ವಾಷಿಂಗ್ಟನ್ನರ ಪ್ರತಿಮೆ. ಇಲ್ಲಿದ್ದ ಹಳೆಯ ಕಟ್ಟಡದಲ್ಲಿ 1789ರಲ್ಲಿ ಅವರು ಅಮೆರಿಕದ ಮೊದಲ ಅಧ್ಯಕ್ಷರಾದರು. ಶಾಂತಿಯುತವಾಗಿ ಸಭೆ ಸೇರುವ ಹಕ್ಕಿನ ತಿದ್ದುಪಡಿಯನ್ನು ಅಲ್ಲಿನ ಸಂಸತ್ತು ಅಂಗೀಕರಿಸಿದ್ದೂ ಅದೇ ವರ್ಷ, ಇಲ್ಲಿಯೇ.

ಆ ಹಕ್ಕಿಗೆ ಇದೇ ಮೆಟ್ಟಿಲುಗಳಲ್ಲಿ ಪರೀಕ್ಷೆ ಎದುರಾದದ್ದು 1970ರ ಮೇ 8ರಂದು. ನಾಲ್ಕು ದಿನ ಮೊದಲು, ಒಹಾಯೊ ರಾಜ್ಯದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಯುದ್ಧವಿರೋಧಿ ಪ್ರತಿಭಟನೆಯ ವೇಳೆ ನ್ಯಾಷನಲ್ ಗಾರ್ಡ್ ಪಡೆಯ ಗುಂಡಿಗೆ ನಾಲ್ವರು ವಿದ್ಯಾರ್ಥಿಗಳು ಬಲಿಯಾಗಿದ್ದರು. ಅದನ್ನು ಖಂಡಿಸಿ, ವಿಯೆಟ್ನಾಂ ಯುದ್ಧ ನಿಲ್ಲಲೆಂದು ವಿದ್ಯಾರ್ಥಿಗಳು ಇಲ್ಲಿ ಸೇರಿದ್ದರು. ಮಧ್ಯಾಹ್ನದ ಹೊತ್ತಿಗೆ ಯುದ್ಧದ ಪರವಾದ ನೂರಾರು ಕಟ್ಟಡ ಕಾರ್ಮಿಕರು ರಾಷ್ಟ್ರಧ್ವಜ ಹಿಡಿದು ನುಗ್ಗಿದರು. ಹೆಲ್ಮೆಟ್ಟುಗಳಿಂದಲೇ ಬಡಿದರು. ಸುಮಾರು 70 ಮಂದಿ ಗಾಯಗೊಂಡರು. ಬಳಿಕ ಗುಂಪು ಸಿಟಿ ಹಾಲಿಗೆ ನಡೆದು, ಮಡಿದ ವಿದ್ಯಾರ್ಥಿಗಳ ಗೌರವಾರ್ಥ ಅರ್ಧಕ್ಕೆ ಇಳಿಸಿದ್ದ ಧ್ವಜವನ್ನು ಪೂರ್ತಿ ಏರಿಸುವಂತೆ ಹಟ ಹಿಡಿದು ಏರಿಸಿಯೇ ಬಿಟ್ಟಿತು.

ಆ ಸಿಟ್ಟಿಗೂ ಕಾರಣವಿತ್ತು. ಕಾಲೇಜು ಓದುವವರಿಗೆ ಕಡ್ಡಾಯ ಸೇನಾಭರ್ತಿಯಿಂದ ವಿನಾಯಿತಿ ಸಿಗುತ್ತಿತ್ತು. ಕಾರ್ಮಿಕರ ಮನೆಯ ಹುಡುಗರು ರಣರಂಗಕ್ಕೆ ಹೋಗುತ್ತಿದ್ದರು. ಪ್ರತಿಭಟನೆ ಆ ಮನೆಗಳಿಗೆ ಅವಮಾನವಾಗಿ ಕಂಡಿತು. ಆದರೆ ವಿದ್ಯಾರ್ಥಿಗಳು ಕೇಳುತ್ತಿದ್ದುದು ಆ ಹುಡುಗರೂ ಜೀವಂತ ಮನೆಗೆ ಮರಳಲಿ ಎಂದೇ. ಆ ಯುದ್ಧದಲ್ಲಿ 58,000ಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಸತ್ತರು. ವಿಯೆಟ್ನಾಮಿನಲ್ಲಿ ಸತ್ತವರು ಹಲವು ಲಕ್ಷ.

ಇಲ್ಲಿಗೆ ಬರುವ ಮಕ್ಕಳು 1789ರ ಜೊತೆಗೆ 1970ನ್ನೂ ನೆನೆಯಬೇಕು. ಹಕ್ಕನ್ನು ಬರೆದಿಟ್ಟರೆ ಸಾಲದು. ಒಪ್ಪದವರ ಮಾತನ್ನೂ ಕೇಳುವ ತಾಳ್ಮೆ ಬೇಕು.