ಪೆನ್ಸಿಲ್ ಕನ್ನಡ

“ವೈ ಆರ್ ಯು ಲೇಟ್?” ಬಾಗಿಲಲ್ಲಿ ನಿಂತಿದ್ದ ನನ್ನನ್ನು ಇಂಗ್ಲಿಷ್ ಮೇಷ್ಟ್ರು ಕೇಳಿದರು. ಉತ್ತರವನ್ನು ಬಸ್‌ಸ್ಟ್ಯಾಂಡಿನಿಂದಲೇ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. “ಬಸ್ ಈಸ್ ನಾಟ್ ಕಮಿಂಗ್ ಸರ್.”

“ದೆನ್ ಹೌ ಡಿಡ್ ಯು ಕಮ್?”

ತರಗತಿ ಗೊಳ್ಳೆಂದಿತು. ಮೇಷ್ಟ್ರು ಮಾತ್ರ ನಗಲಿಲ್ಲ. “ಬಸ್ಸು ಬಂದಿದೆ ಕಣಯ್ಯಾ, ನಿನ್ನ ಕ್ರಿಯಾಪದ ಇನ್ನೂ ಹಿಂದಿನ ಸ್ಟಾಪಿನಲ್ಲೇ ನಿಂತಿದೆ. ಹೋಗಿ ಕೂತ್ಕೊ” ಎಂದರು.

ಐದನೇ ತರಗತಿಯಿಂದ ಇಂಗ್ಲಿಷ್ ಓದಿದ್ದೆನೆಂಬುದು ಮಾರ್ಕ್ಸ್ ಕಾರ್ಡಿನ ಮಾತು. ಅದು ದಡದಲ್ಲಿ ಕೂತು ಕಲಿತ ಈಜು. ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿದ್ದವನು ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಾಗಲೇ ನೀರಿಗೆ ಬಿದ್ದದ್ದು. ಮೊದಲ ಜೀವಶಾಸ್ತ್ರದ ತರಗತಿಯಲ್ಲಿ ಮುಕ್ಕಾಲು ಗಂಟೆ ಕೂತು ನಾನು ಹಿಡಿದ ಮೀನುಗಳು ಎರಡೇ: ‘ಲೀಫ್’ ಮತ್ತು ‘ವಾಟರ್’. ಪಕ್ಕದ ಕಾನ್ವೆಂಟ್ ಹುಡುಗನ ನೋಟ್ಸನ್ನು ಚಾಚೂ ತಪ್ಪದೆ ಇಳಿಸಿಕೊಂಡೆ, ಅಂಚಿನಲ್ಲಿ ಅವನು ಬರೆದುಕೊಂಡಿದ್ದ ಕ್ಯಾಂಟೀನ್ ಲೆಕ್ಕವನ್ನೂ ಸೇರಿಸಿ.

ರಾತ್ರಿ ಪಠ್ಯಪುಸ್ತಕ ಬಿಚ್ಚಿದರೆ ಒಂದು ಚಿತ್ರ. ಮೇಲೆ ಸೂರ್ಯ, ಕೆಳಗೆ ಎಲೆ, ನಡುವೆ ಬಾಣಗಳು. ಅರೆ, ಇದು ನಮ್ಮ ದ್ಯುತಿಸಂಶ್ಲೇಷಣೆ! ಹೈಸ್ಕೂಲಿನಲ್ಲಿ ನಿದ್ದೆಯಲ್ಲೂ ಒಪ್ಪಿಸುತ್ತಿದ್ದ ಪಾಠ ಇಲ್ಲಿ ಫೋಟೋಸಿಂಥೆಸಿಸ್ ಎಂದು ವೇಷ ಹಾಕಿಕೊಂಡು ಕೂತಿತ್ತು. ಸಂಭ್ರಮದಿಂದ ಅವ್ವನಿಗೆ ಹೇಳಿದೆ. “ದ್ಯುತಿ... ಏನೋ ಅದು? ಮಂತ್ರ ಇದ್ದಂಗದೆ” ಎಂದಳು. ವಿವರಿಸಿದ ಮೇಲೆ, “ಅಷ್ಟೇ ತಾನೆ? ಅದಕ್ಕೇ ಬದನೆ ಸಸಿನ ಹುಣಸೆಮರದ ನೆಳ್ಳಲ್ಲಿ ಇಡಬ್ಯಾಡ ಅಂದದ್ದು” ಎಂದು ಒಲೆಯ ಕಡೆ ತಿರುಗಿದಳು. ನಾನು ಕನ್ನಡವೆಂದು ಎದೆಗವಚಿಕೊಂಡಿದ್ದ ಮಾತೂ ಅವ್ವನ ಅಡುಗೆಮನೆಗೆ ಹೊರಗಿನದೇ ಆಗಿತ್ತು. ಅಂದರೆ ಒಂದು ಪರಭಾಷೆಯನ್ನು ನಾನು ಆಗಲೇ ಕಲಿತು ಮುಗಿಸಿದ್ದೆ, ನನಗೇ ಗೊತ್ತಾಗದಂತೆ. ಎರಡನೆಯದರ ಭಯ ಅರ್ಧ ಇಳಿಯಿತು.

ಉಳಿದರ್ಧಕ್ಕೆ ಪೆನ್ಸಿಲ್ ಹಿಡಿದೆ. ಕಾಲೇಜಿನ ಲೈಬ್ರರಿಯಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಎದುರಿಟ್ಟುಕೊಂಡು, ಪಠ್ಯದ ಒಂದೊಂದು ಪದದ ನೆತ್ತಿಯ ಮೇಲೂ ಅದರ ಅರ್ಥ ಬರೆದೆ. ಪೆನ್ಸಿಲ್ ಯಾಕೆಂದರೆ, ವರ್ಷದ ಕೊನೆಗೆ ಪುಸ್ತಕವನ್ನು ಅರ್ಧ ಬೆಲೆಗೆ ಜೂನಿಯರ್‌ಗೆ ಮಾರಬೇಕು. ಇಂಕಿನ ಗೀಚು ಕಂಡರೆ ಕಾಲು ಬೆಲೆ.

ಒಂದು ದಿನ ಇಂಗ್ಲಿಷ್ ಮೇಷ್ಟ್ರು ಹಿಂದಿನಿಂದ ಬಂದು ನನ್ನ ಪುಟ ನೋಡಿದರು. ಬೈಯುತ್ತಾರೆಂದು ಮುದುಡಿಕೊಂಡೆ. ಅವರು ಕಪಾಟಿನಿಂದ ಇನ್ನೊಂದು ದಪ್ಪ ನಿಘಂಟು ತಂದು ಮೇಜಿನ ಮೇಲಿಟ್ಟರು. ಕಿಟೆಲ್ಲರದು. “ಈ ಮನುಷ್ಯ ಜರ್ಮನ್. 1853ರಲ್ಲಿ ಇಲ್ಲಿಗೆ ಬಂದಾಗ ವಯಸ್ಸು 21. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ ಇದು ಹೊರಬಂತು. ಸುಮಾರು 70,000 ಪದ. ಕನ್ನಡಕ್ಕೆ ಇಂಗ್ಲಿಷಿನಲ್ಲಿ ಅರ್ಥ. ಎರಡರಲ್ಲಿ ಅವನ ಮನೆಮಾತು ಯಾವುದು ಹೇಳು?”

“ಯಾವುದೂ ಅಲ್ಲ ಸರ್.”

“ಮತ್ತೆ, ನಿನ್ನದು ಒಂದಾದರೂ ಮನೆಮಾತು. ಬರಿ.”

ಪುಟ ತಿರುವಿದೆ. ಪದಗಳ ನಡುವೆ ಗಾದೆಗಳೂ ಇಣುಕುತ್ತಿದ್ದವು. ಹಳಗನ್ನಡ ಕಾವ್ಯದ ಮಾತಿನ ಜೊತೆಗೆ ಹಟ್ಟಿಯ ಮಾತಿಗೂ ಆ ಪಾದ್ರಿ ಮಣೆ ಹಾಕಿದ್ದ. ನಮ್ಮ ಹೈಸ್ಕೂಲಿನ ವಿಜ್ಞಾನ ಪುಸ್ತಕ ಅವ್ವನಿಗೆ ತೋರದ ಮರ್ಯಾದೆ ಅದು.

ನಮ್ಮ ಮೇಷ್ಟ್ರು ಕದ್ದುಮುಚ್ಚಿ ಕನ್ನಡದಲ್ಲಿ ಪದ್ಯ ಬರೆಯುತ್ತಿದ್ದರು. ಅದು ಆ ಕುಲದ ಲಕ್ಷಣವೇ ಇರಬೇಕು. ಬಿ.ಎಂ.ಶ್ರೀ., ಅಡಿಗ, ಲಂಕೇಶ್, ಅನಂತಮೂರ್ತಿ ಎಲ್ಲರೂ ಸಂಬಳಕ್ಕೆ ಪಾಠ ಮಾಡಿದ್ದು ಇಂಗ್ಲಿಷನ್ನೇ. ಕುವೆಂಪು ಅವರ ಮೊದಲ ಸಂಕಲನ, 1922ರ ‘ಬಿಗಿನರ್ಸ್ ಮ್ಯೂಸ್’, ಇಂಗ್ಲಿಷಿನದು. ಅವರನ್ನು ಕನ್ನಡದ ಕಡೆ ತಿರುಗಿಸಲು ಐರಿಶ್ ಕವಿ ಜೇಮ್ಸ್ ಕಸಿನ್ಸ್ ಹೇಳಬೇಕಾಯಿತು. ನನ್ನ ವಿಷಯದಲ್ಲಿ ಅಷ್ಟು ದೂರದವರು ಬೇಕಾಗಲಿಲ್ಲ, ಮೊದಲ ಟೆಸ್ಟಿನ ಅಂಕಗಳೇ ಸಾಕಾದವು.

ಪರೀಕ್ಷೆ ಮುಗಿಯಿತು. ರಬ್ಬರ್ ಹಿಡಿದು ಪುಸ್ತಕ ತೆರೆದಾಗ ಗಮನಿಸಿದೆ: ಮೊದಲ ಅಧ್ಯಾಯದಲ್ಲಿ ಇಂಗ್ಲಿಷ್ ಕಾಣದಷ್ಟು ಕನ್ನಡ, ನಡುವಿನಲ್ಲಿ ಸಾಲಿಗೊಂದು ಪದ, ಕೊನೆಯ ಅಧ್ಯಾಯದಲ್ಲಿ ಪುಟಕ್ಕೊಂದು. ಯಾವ ದಿನ ಈಜು ಬಂತೆಂದು ಮಾತ್ರ ಯಾವ ಪುಟದಲ್ಲೂ ಬರೆದಿರಲಿಲ್ಲ.

ಅಳಿಸಲು ಶುರುಮಾಡುವಷ್ಟರಲ್ಲಿ ಪುಸ್ತಕ ಕೊಳ್ಳಲು ಪಕ್ಕದೂರಿನ ಹುಡುಗ ಬಂದ. ಅವನೂ ಕನ್ನಡ ಮಾಧ್ಯಮ. ನಾಲ್ಕು ಪುಟ ಮಗುಚಿ ನೋಡಿದವನು ನನ್ನ ಕೈಯ ರಬ್ಬರನ್ನು ಕಂಡು ಗಾಬರಿಯಾದ.

“ಅಣ್ಣಾ, ಅಳಿಸಬೇಡಿ. ಬೇಕಾದ್ರೆ ಎರಡು ರೂಪಾಯಿ ಜಾಸ್ತಿ ಕೊಡ್ತೀನಿ.”