ಹಿಂದೆ ಯಾರಿದ್ದಾರೆ ನೋಡೋಕೆ ಒಂದು ಕ್ಯಾಮೆರಾ



ಹೋದ ಭಾನುವಾರ ನಮ್ಮ ಗಾಡಿಗೆ ಹೊಸ ರಿವರ್ಸ್ ಕ್ಯಾಮೆರಾ ಹಾಕಿ ಸ್ಟೇಟಸ್‌ನಲ್ಲಿ ಫೋಟೋ ಬಿಟ್ಟಿದ್ದೆ. ಒಬ್ಬ ಗೆಳೆಯರು ಕೇಳಿದ್ರು, "ಏನಣ್ಣ, ಚಳವಳಿ ಬಿಟ್ಟು ಗಾಡಿ ಶೋಕಿಗೆ ಬಿದ್ರಾ?" ಅಂತ. ಇನ್‌ಬಾಕ್ಸ್‌ನಲ್ಲೇ ಉತ್ತರ ಕೊಟ್ಟು ಮುಗಿಸಬಹುದಿತ್ತು. ಆದರೆ ಹೇಳೋದು ಸ್ವಲ್ಪ ಜಾಸ್ತಿ ಇದೆ, ಇಲ್ಲೇ ಬರೀತೀನಿ.

ಗಾಡಿ ನೋಡದವರಿಗೆ ಹೇಳೋದಾದ್ರೆ, ಅದೊಂದು ಹಳೇ ಟ್ರಾವೆಲರ್. ಸ್ಕೂಲ್ ಮಕ್ಕಳನ್ನ ಸಾಗಿಸಿ ಸಾಗಿಸಿ ಸವೆದಿದ್ದನ್ನ ಚಂದಾ ಎತ್ತಿ ಕೊಂಡಿದ್ದು. ಹಿಂದಿನ ಸೀಟು ಕಿತ್ತು ಎರಡು ಹಲಗೆ ಮಂಚ, ಒಂದು ಗ್ಯಾಸ್ ಒಲೆ, ನೀರಿನ ಡ್ರಮ್ಮು, ಪುಸ್ತಕದ ಗೂಡು, ಮೈಕ್‌ಸೆಟ್ಟು ಹೊಂದಿಸಿದ್ದೀವಿ. ಅಮೆರಿಕದಲ್ಲಿ ಇಂಥದ್ದಕ್ಕೆ ಮೋಟರ್‌ಹೋಮ್ ಅಂತಾರೆ, ರಿಟೈರ್ ಆದ ಗಂಡ ಹೆಂಡತಿ ಅದರಲ್ಲಿ ಬೆಟ್ಟ, ಕೆರೆ ನೋಡ್ಕೊಂಡು ತಿರುಗ್ತಾರೆ. ನಾವು ಏಪ್ರಿಲ್ 14ಕ್ಕೆ, ಡಿಸೆಂಬರ್ 6ಕ್ಕೆ, ಮಧ್ಯೆ ಎಲ್ಲಾದರೂ ದೌರ್ಜನ್ಯ ಆದರೆ ಆ ಊರಿಗೆ ಹೋಗ್ತೀವಿ. ರಾತ್ರಿ ಅದರಲ್ಲೇ ಮಲಗ್ತೀವಿ. ಕೇರಿಯ ಜನ "ನಮ್ಮನೇಲಿ ಮಲಗ್ರಣ್ಣ" ಅಂತ ಇರೋ ಒಂದು ಚಾಪೆ ನಮಗೆ ಹಾಸಿ ತಾವು ಜಗಲಿ ಮೇಲೆ ಒರಗ್ತಾರೆ. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಹೊರಗಿಂದ ಬಂದವರು ಯಾರ ಮನೇಲಿ ಉಳಿದಿದ್ರು ಅಂತ ಮೇಲಿನ ಬೀದಿಯವರು ಲೆಕ್ಕ ಇಟ್ಕೊಂಡಿರ್ತಾರೆ. ನಾವು ಬೆಳಗ್ಗೆ ಹೊರಟು ಹೋಗ್ತೀವಿ, ಆ ಲೆಕ್ಕ ಚುಕ್ತಾ ಆಗೋದು ಆಮೇಲೆ. ಅದಕ್ಕೇ ಗಾಡಿ.

ಈಗ ಕ್ಯಾಮೆರಾ ವಿಷಯ. ನಮ್ಮ ಕೇರಿಗಳಿಗೆ ಹೋಗೋ ರಸ್ತೆ ಯಾವತ್ತಾದ್ರೂ ಸ್ಟೇರಿಂಗ್ ಹಿಂದೆ ಕೂತು ನೋಡಿದ್ದೀರಾ? ಊರಿನ ಮುಖ್ಯ ಬೀದಿ ಇತ್ತ ಬರ್ತಾ ಬರ್ತಾ ಸಣ್ಣದಾಗುತ್ತೆ, ಒಂದು ಕಡೆ ಚರಂಡಿ, ಇನ್ನೊಂದು ಕಡೆ ಮನೆ ಮೆಟ್ಟಿಲು. ಕೊನೆಗೆ ಯಾರದೋ ಜಮೀನಿನ ಬೇಲಿಗೋ ಹಳ್ಳಕ್ಕೋ ಬಂದು ನಿಂತುಬಿಡುತ್ತೆ. ಗಾಡಿ ತಿರುಗಿಸೋಕೆ ಜಾಗ ಇಲ್ಲ. ಒಳಗೆ ಹೋದಷ್ಟೂ ದೂರ ರಿವರ್ಸ್‌ನಲ್ಲೇ ವಾಪಸ್ ಬರಬೇಕು. ಅದೂ ಕಾರ್ಯಕ್ರಮ ಮುಗಿದ ಮೇಲೆ, ಕತ್ತಲಲ್ಲಿ, ಗಾಡಿ ಹಿಂದೆ ಮಕ್ಕಳ ಹಿಂಡು ಓಡ್ತಾ ಇರುವಾಗ. ಟ್ರಾವೆಲರ್ ಹಿಂಭಾಗಕ್ಕೆ ಅಂಟಿಕೊಂಡು ಮೂರು ವರ್ಷದ ಮಗು ಕೂತಿದ್ರೆ ಯಾವ ಕನ್ನಡಿಯಲ್ಲೂ ಕಾಣಲ್ಲ. ಡ್ರೈವರ್ ಎಷ್ಟೇ ಹುಷಾರಿದ್ದರೂ ಕಾಣಲ್ಲ.

ಹಳೇ ಕ್ಯಾಮೆರಾ ಮಳೆಗಾಲದಲ್ಲಿ ಮಸುಕಾಗಿ ಆಮೇಲೆ ಪೂರ್ತಿ ಸತ್ತಿತ್ತು. ಅವತ್ತಿಂದ ಹಿಂದೆ ಇಬ್ಬರನ್ನ ನಿಲ್ಲಿಸಿ "ಬರ್ಲಿ, ಬರ್ಲಿ, ಹೋಲ್ಡಾನ್" ಅಂತ ಬಾಡಿ ತಟ್ಟಿಸ್ಕೊಂಡೇ ತೆಗೀತಿದ್ವಿ. ಒಂದು ಊರಲ್ಲಿ ಗಾಡಿ ಸ್ಟಾರ್ಟ್ ಮಾಡೋ ಮೊದಲೇ ಒಬ್ಬ ಅಜ್ಜಿ ಬಗ್ಗಿ, ಹಿಂದಿನ ಚಕ್ರದ ಪಕ್ಕದಿಂದ ಒಂದು ಕೂಸನ್ನ ಎತ್ತಿ ಸೊಂಟಕ್ಕೆ ಹಾಕ್ಕೊಂಡು, "ಇದು ಯಾರ್ದವ್ವಾ?" ಅಂತ ಕೂಗಿದ್ರು. ಬಿದ್ದಿದ್ದ ಪಾಂಪ್ಲೆಟ್ ಆರಿಸ್ತಾ ಕೂತಿತ್ತಂತೆ. ನಮ್ಮ ಡ್ರೈವರಣ್ಣ ಅವತ್ತು ರಾತ್ರಿ ಊಟ ಮಾಡಲಿಲ್ಲ.

ಅಮೆರಿಕದಲ್ಲಿ ಇದಕ್ಕೇ ಒಂದು ಕಾನೂನಿದೆ. 2002ರಲ್ಲಿ ಕ್ಯಾಮರಾನ್ ಗಲ್‌ಬ್ರಾನ್ಸೆನ್ ಅನ್ನೋ ಎರಡು ವರ್ಷದ ಮಗು ಸ್ವಂತ ಅಪ್ಪ ರಿವರ್ಸ್ ತೆಗೆಯುವಾಗ ಗಾಡಿಗೆ ಸಿಕ್ಕಿ ಸತ್ತಿತು. ಅಪ್ಪ ಮಕ್ಕಳ ಡಾಕ್ಟರು. ಅವರೂ ಅಂಥ ಬೇರೆ ತಂದೆ ತಾಯಿಗಳೂ ವರ್ಷಗಟ್ಟಲೆ ಓಡಾಡಿ 2008ರಲ್ಲಿ ಆ ಮಗುವಿನ ಹೆಸರಲ್ಲೇ ಕಾಯ್ದೆ ಮಾಡಿಸಿದ್ರು. ಅದು ಜಾರಿಗೆ ಬಂದು ಎಲ್ಲ ಹೊಸ ಕಾರಿಗೂ ಕ್ಯಾಮೆರಾ ಕಡ್ಡಾಯ ಆಗೋ ಹೊತ್ತಿಗೆ 2018ರ ಮೇ. ಹತ್ತು ವರ್ಷ! ಅದೂ 10,000 ಪೌಂಡ್ ತೂಕದೊಳಗಿನ ಗಾಡಿಗೆ ಮಾತ್ರ, ದೊಡ್ಡ ಮೋಟರ್‌ಹೋಮ್‌ಗಳು ಅದರ ಹೊರಗೇ ಉಳಿದವು. ನಮ್ಮಲ್ಲಿ 2019ರ ಜುಲೈಯಿಂದ ಹೊಸ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯ ಆಯ್ತು. ನಮ್ಮಂಥ ಹಳೇ ಗಾಡಿಗಳಿಗೆ ನಾವೇ ಗತಿ.

ಮೊದಲು ತಾಲೂಕು ಕೇಂದ್ರದ ಒಂದು ಕಾರ್ ಡೆಕೋರ್ ಅಂಗಡಿಗೆ ಹೋದ್ವಿ. ಅಂಗಡಿಯವರು ಹಿಂದಕ್ಕೆ ಹೋಗಿ ಕ್ಯಾಮೆರಾ ನೋಡಲೇ ಇಲ್ಲ. ಮುಂದಿನ ಗಾಜಿನ ಮೇಲಿರೋ ಬಾಬಾಸಾಹೇಬರ ಫೋಟೋ ನೋಡಿದ್ರು. "ಪೂರ್ತಿ ಸೆಟ್ಟೇ ಚೇಂಜ್ ಮಾಡ್ಬೇಕು, ಒಂಬತ್ತೂವರೆ ಸಾವಿರ ಆಗುತ್ತೆ" ಅಂದ್ರು. ಜಾಸ್ತಿ ಆಯ್ತಲ್ಲ ಸಾರ್ ಅಂದದ್ದಕ್ಕೆ, "ನಿಮಗೇನ್ರೀ, ಎಲ್ಲಾ ಸರ್ಕಾರನೇ ಕೊಡುತ್ತಲ್ಲ" ಅಂತ ನಕ್ರು. ಜಗಳ ಆಡೋ ಹುರುಪು ಅವತ್ತು ಇರಲಿಲ್ಲ. ಗಾಡಿ ತಗೊಂಡು ಬಂದ್ವಿ.

ದಾರೀಲಿ ನೆನಪಾಗಿದ್ದು ಚಾಳೀಸಗಾಂವ್. 1929ರಲ್ಲಿ ಬಾಬಾಸಾಹೇಬರು ಅಲ್ಲಿ ರೈಲು ಇಳಿದಾಗ ಕೇರಿಯವರು ಟಾಂಗಾ ತರೋಕೆ ಹೋದ್ರೆ ಟಾಂಗಾದವರು ಯಾರೂ ಅಸ್ಪೃಶ್ಯರನ್ನ ಕೂರಿಸ್ಕೊಂಡು ಓಡಿಸೋಕೆ ಒಪ್ಪಲಿಲ್ಲ. ಕೊನೆಗೆ ಟಾಂಗಾ ಬಾಡಿಗೆಗೆ ಕೊಡ್ತೀವಿ, ಓಡಿಸೋದು ನೀವೇ ಓಡಿಸ್ಕೊಳ್ಳಿ ಅಂದ್ರು. ಬಂದ ಅತಿಥಿಯನ್ನ ನಡೆಸ್ಕೊಂಡು ಹೋಗಬಾರದು ಅಂತ ಓಡಿಸೋಕೆ ಬಾರದ ನಮ್ಮವನೇ ಒಬ್ಬ ಲಗಾಮು ಹಿಡಿದ. ಹಳ್ಳದ ಸೇತುವೆ ಮೇಲೆ ಚಕ್ರ ಕಲ್ಲಿಗೆ ಸಿಕ್ಕಿ, ಬಾಬಾಸಾಹೇಬರು ಕಲ್ಲಿನ ಮೇಲೆ ಎಸೆಯಲ್ಪಟ್ಟು ಕಾಲು ಮುರಿಯಿತು. ಬ್ಯಾರಿಸ್ಟರ್ ಆದವನಿಗಿಂತಲೂ ಟಾಂಗಾದವನು ತನ್ನನ್ನ ಮೇಲಿನವನು ಅಂದ್ಕೋತಾನೆ ಅನ್ನೋದನ್ನ ಈ ಘಟನೆ ಹೇಳುವಾಗ ಅವರೇ ಬರೆದಿದ್ದಾರೆ. ಸಾಮಾನ್ಯವಾಗಿ ನಾವು ಭಾಷಣದಲ್ಲಿ ಅದನ್ನೇ ಹೇಳ್ತೀವಿ. ನನ್ನನ್ನ ಕಾಡೋದು ಆ ಲಗಾಮು ಹಿಡಿದವನು. ಅವನಿಗೆ ಆ ಕೆಲಸ ಯಾರೂ ಕಲಿಸಿರಲಿಲ್ಲ.

ಇವತ್ತು ಕಲಿತವರಿದ್ದಾರೆ. ನಮ್ಮ ಕೇರಿಯಲ್ಲೇ ಒಬ್ಬಳು ಹುಡುಗಿ ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿದ್ದಾಳೆ. ನನ್ನನ್ನ ಚಿಕ್ಕಪ್ಪ ಅಂತಾಳೆ. ಭಾನುವಾರ ಬೆಳಗ್ಗೆ ಮಲ್ಟಿಮೀಟರ್ ಹಿಡ್ಕೊಂಡು ಬಂದ್ಲು.

"ಸತ್ತಿರೋದು ಕ್ಯಾಮೆರಾನೋ, ವೈರೋ, ಸ್ಕ್ರೀನೋ, ಮೊದ್ಲು ಅದು ಗೊತ್ತಾಗ್ಲಿ ಚಿಕ್ಕಪ್ಪ. ಆಮೇಲೆ ದುಡ್ಡು ಬಿಚ್ಚು."

ಇಂಜಿನ್ ಆಫ್ ಇಟ್ಟು, ಕೀ ಮಾತ್ರ ಆನ್ ಮಾಡಿ, ರಿವರ್ಸ್ ಗೇರ್ ಹಾಕಿಸಿದ್ಲು. ಹಿಂದೆ ರಿವರ್ಸ್ ಲೈಟಿನ ವೈರಿಗೆ ಮೀಟರ್ ಹಿಡಿದ್ರೆ 12 ವೋಲ್ಟ್ ಬರ್ತಿದೆ. ಕರೆಂಟ್ ಸರಿಯಿದೆ. ಮುಂದೆ ಸ್ಕ್ರೀನು ನೀಲಿಯಾಗಿ "ನೋ ಸಿಗ್ನಲ್" ಅಂತಿದೆ, ಅಂದ್ರೆ ಅದೂ ಜೀವಂತ. ಹಳೇ ಕ್ಯಾಮೆರಾ ಬಿಚ್ಚಿ ತಂದು ಸ್ಕ್ರೀನ್ ಹತ್ರವೇ ಒಂದು ಮೋಟು ವೈರಿನಲ್ಲಿ ಕೊಟ್ಟು ನೋಡಿದ್ಲು. ಆಗಲೂ ಚಿತ್ರ ಇಲ್ಲ. ಉದ್ದದ ಕೇಬಲ್‌ದು ತಪ್ಪಲ್ಲ ಅಂತ ಅಲ್ಲಿಗೆ ಖಾತ್ರಿ. ಕ್ಯಾಮೆರಾ ಅಲ್ಲಾಡಿಸಿದ್ರೆ ಗಾಜಿನ ಒಳಗೆ ನೀರು.

ಪೂರ್ತಿ ಸೆಟ್ಟು ಬೇಕಾಗಿರಲಿಲ್ಲ. ಕ್ಯಾಮೆರಾ ಒಂದೇ, 1,400 ರೂಪಾಯಿ. ಅದನ್ನ ತರೋವಾಗಲೂ ಎರಡು ವಿಷಯ ನೋಡಿದ್ಲು. ನಮ್ಮ ಕೇಬಲ್ ತುದೀಲಿ ಇರೋದು ನಾಲ್ಕು ಪಿನ್ನಿನ, ತಿರುಗಿಸಿ ಬಿಗಿ ಮಾಡೋ ಕನೆಕ್ಟರು, ಕಾರಿಗೆ ಬರೋ ಹಳದಿ ಪಿನ್ನಲ್ಲ. ಅದೇ ಥರದ್ದು ತಂದ್ರೆ ಸೀಲಿಂಗ್ ಒಳಗಿರೋ ಕೇಬಲ್ ಮುಟ್ಟೋ ಹಾಗೇ ಇಲ್ಲ. ಇನ್ನೊಂದು, ಹಳೇ ಸ್ಕ್ರೀನಿಗೆ ಈಗಿನ ಎಚ್‌ಡಿ ಕ್ಯಾಮೆರಾಗಳ ಸಿಗ್ನಲ್ ಅರ್ಥ ಆಗಲ್ಲ. ಮಾಮೂಲಿ ಸಿಗ್ನಲ್ ಕೊಡೋದೇ ಬೇಕು.

ಹಳೇ ತೂತಿನ ಸುತ್ತ ತುಕ್ಕು ಕೆರೆದು, ರಬ್ಬರ್ ಬುಷ್ ಹಾಕಿ, ಸಿಲಿಕಾನ್ ಮೆತ್ತಿದ್ಲು. ವೈರನ್ನ ತೂತಿಗಿಂತ ಕೆಳಕ್ಕೆ ಒಂದು ಸಲ ಜೋತುಬಿಡಿಸಿ ಆಮೇಲೆ ಮೇಲಕ್ಕೆ ತಂದು ಒಳಗೆ ಬಿಟ್ಲು. ಮಳೆ ನೀರು ವೈರ್ ಗುಂಟ ಒಳಗೆ ಹೋಗದೆ ಆ ಜೋತ ಜಾಗದಲ್ಲೇ ತೊಟ್ಟಿಕ್ಕಿ ಬೀಳುತ್ತಂತೆ. ಹಳೇದನ್ನ ಹಾಕಿದವನು ಇದನ್ನ ಮಾಡಿರಲಿಲ್ಲ. ಆಮೇಲೆ ನನ್ನನ್ನ ಗಾಡಿಯ ಎಡಗಡೆ ಹಿಂದೆ ನಿಲ್ಲಿಸಿ ಕೈ ಎತ್ತು ಅಂದ್ಲು. ಸ್ಕ್ರೀನಿನಲ್ಲಿ ನಾನು ಬಲಗಡೆ! ಕ್ಯಾಮೆರಾದಿಂದ ಹೊರಗೆ ಬಂದಿದ್ದ ಒಂದು ಪುಟ್ಟ ಲೂಪ್ ವೈರನ್ನ ಕಟ್ ಮಾಡಿದ್ಲು, ಚಿತ್ರ ಕನ್ನಡಿ ಥರ ತಿರುಗಿತು. ಇದನ್ನ ನೋಡದೆ ಬಿಟ್ಟಿದ್ರೆ ಡ್ರೈವರಣ್ಣ ಮಗುವಿನಿಂದ ದೂರ ಹೋಗ್ತೀನಿ ಅಂದ್ಕೊಂಡು ಅದರ ಕಡೆಗೇ ತಿರುಗಿಸ್ತಿದ್ರು.

ಕೊನೆಗೆ ಅವಳಮ್ಮನ ಬಿಂದಿಗೆ ತಂದು ಬಂಪರಿನಿಂದ ಒಂದು ಮೀಟರ್, ಎರಡು ಮೀಟರ್ ಇಟ್ಟು ಇಟ್ಟು ಸ್ಕ್ರೀನ್ ಮೇಲೆ ಟೇಪಿನ ಗುರುತು ಅಂಟಿಸಿದ್ಲು. ಕಂಪನಿಯವರ ಹಸಿರು ಕೆಂಪು ಗೆರೆ ನಮ್ಮ ಗಾಡಿಯ ಅಳತೆಗೆ ಬರೆದಿದ್ದಲ್ಲ. ಎರಡು ಮೂಲೆಯಲ್ಲಿ ಬಿಂದಿಗೆ ಇನ್ನೂ ಕಾಣಲ್ಲ. ಅದಕ್ಕೆ ಹಿಂದೆ ಒಬ್ಬರು ನಿಲ್ಲೋದನ್ನ ಬಿಡಬಾರದು ಅಂತ ಡ್ರೈವರಣ್ಣನಿಗೆ ಎರಡು ಸಲ ಹೇಳಿದ್ಲು.

ನಮ್ಮ ಗಾಡಿಯ ಕಥೆ ಇಷ್ಟು. ಆದ್ರೆ 108 ಆಂಬುಲೆನ್ಸ್‌ನವರಿಗೂ ಅದೇ ರಸ್ತೆ. ತಿರುಗಿಸೋಕೆ ಆಗಲ್ಲ ಅಂತ ಮುಖ್ಯ ಬೀದೀಲೇ ನಿಂತ್ಕೋತಾರೆ, ತುಂಬು ಬಸುರಿಯನ್ನ ಕುರ್ಚಿ ಮೇಲೆ ಕೂರಿಸ್ಕೊಂಡು ನಾವು ಅಲ್ಲಿಗೆ ಹೊರಬೇಕು. ಬೆಂಕಿ ಬಿದ್ದರೆ ಫೈರ್ ಇಂಜಿನ್ನಿಗೂ ಅದೇ ರಸ್ತೆ. ಎಸ್‌ಸಿಎಸ್‌ಪಿ ಟಿಎಸ್‌ಪಿ ಕಾಯ್ದೆ 2013ರಲ್ಲೇ ಬಂತು, ವರ್ಷಾ ವರ್ಷ ಕೇರಿ ಹೆಸರಲ್ಲಿ ಕಾಂಕ್ರೀಟ್ ಬೀಳ್ತಾನೇ ಇದೆ, ರಸ್ತೆ ತುದೀಲಿ ಗಾಡಿ ತಿರುಗೋಷ್ಟು ಜಾಗ ಬಿಡಿಸಬೇಕು ಅನ್ನೋದು ಯಾವ ಇಂಜಿನಿಯರ್ ತಲೆಗೂ ಬರಲ್ಲ. ನಮ್ಮ ಪಂಚಾಯ್ತಿಗೆ ಅರ್ಜಿ ಬರೆದಿದ್ದೀವಿ, ಜೊತೆಗೆ ಆ ಬಿಂದಿಗೆ ಫೋಟೋ ಇಟ್ಟಿದ್ದೀವಿ. ನಿಮ್ಮೂರಲ್ಲೂ ಕೊಡೋದಾದ್ರೆ ಅರ್ಜಿ ನಮೂನೆ ಕಳಿಸ್ತೀನಿ, ಕಾಮೆಂಟಲ್ಲಿ ತಾಲೂಕು ಹೆಸರು ಹಾಕಿ.

ಟ್ರಾಕ್ಟರ್ರು, ಟೆಂಪೋ, ಸ್ಕೂಲ್ ವ್ಯಾನ್ ಇರೋರು ಕ್ಯಾಮೆರಾ ಹಾಕಿಸೋದಿದ್ರೆ ಅವಳಿಗೆ ಹೇಳ್ತೀನಿ. ಕೂಲಿ ಮಾತ್ರ ಚೌಕಾಸಿ ಮಾಡಬೇಡಿ. ನನ್ನ ಹತ್ರಾನೂ ಪೂರ್ತಿ ವಸೂಲಿ ಮಾಡಿದ್ದಾಳೆ.