ಬರೆದಿಟ್ಟವರಿಲ್ಲದ ವಯಸ್ಸು

ಪರಾನಾಲ್ ವೀಕ್ಷಣಾಲಯ, ಚಿಲಿ

ದೊಡ್ಡಪ್ಪನವರಿಗೆ,

ಅಂತೊಫಗಾಸ್ತಾ ನಗರ ಬಿಟ್ಟ ಮೇಲೆ ದಾರಿಯಲ್ಲಿ ಒಂದು ಹುಲ್ಲುಕಡ್ಡಿಯೂ ಕಾಣಲಿಲ್ಲ. ದೂರದರ್ಶಕಗಳಿರುವುದು 2635 ಮೀಟರ್ ಎತ್ತರದ ಬೋಳುಗುಡ್ಡದ ಮೇಲೆ. ನೀರು ಟ್ಯಾಂಕರಿನಲ್ಲೇ ಬರಬೇಕು. ಕತ್ತಲಾದರೆ ಹೆಡ್‌ಲೈಟ್ ಹಾಕುವಂತಿಲ್ಲ, ಕೋಣೆಯ ಪರದೆ ಎಳೆದೇ ದೀಪ ಹಚ್ಚಬೇಕು. ಒಣಗಾಳಿಗೆ ತುಟಿ ಒಡೆದಿದೆ. ಊಟಕ್ಕೆ ತೊಂದರೆಯಿಲ್ಲವೆಂದು ದೊಡ್ಡಮ್ಮನಿಗೆ ಹೇಳಿ.

ನಾವು ನೋಡುತ್ತಿರುವುದು ಸಣ್ಣ ಮೆಗೆಲಾನಿಕ್ ಮೋಡವನ್ನು. ಹೆಸರಿಗೆ ಮೋಡ, ನಿಜಕ್ಕೂ ಸುಮಾರು 2 ಲಕ್ಷ ಜ್ಯೋತಿರ್ವರ್ಷ ದೂರದ ಕುಬ್ಜ ಗೆಲಾಕ್ಸಿ. ಶಿವಮೊಗ್ಗದಲ್ಲಿ ಅದು ದಿಗಂತದಿಂದ ಐದು ಡಿಗ್ರಿಯೂ ಏರದೆ ಗುಡ್ಡದ ಮರೆಗೆ ಸರಿಯುತ್ತದೆ. ಇಲ್ಲಿ ಅರ್ಧ ಆಕಾಶದೆತ್ತರದಲ್ಲಿ ಬರಿಗಣ್ಣಿಗೇ ಸಿಗುತ್ತದೆ. ಅದರೊಳಗಿನ ಇ0102, ಭಾರಿ ನಕ್ಷತ್ರವೊಂದು ಸಿಡಿದು ಚೆಲ್ಲಿದ ಅವಶೇಷ. ಆಮ್ಲಜನಕ ಅದರಲ್ಲಿ ಹೇರಳ.

"ಆ ಸ್ಫೋಟ ಕಂಡು ಬರೆದಿಟ್ಟವರಿಲ್ಲ, ಅದರ ವಯಸ್ಸು ಹೇಗೆ ಹೇಳ್ತೀರಿ?" ಎಂದು ಫೋನಿನಲ್ಲಿ ಕೇಳಿದಿರಲ್ಲ. ಹಬಲ್ ದೂರದರ್ಶಕ 10 ವರ್ಷಗಳ ಅಂತರದಲ್ಲಿ ತೆಗೆದ ಚಿತ್ರಗಳನ್ನು ಒಂದರ ಮೇಲೊಂದಿಟ್ಟರೆ, ಅನಿಲದ ಗಂಟುಗಳು ಕೂದಲೆಳೆಯಷ್ಟು ಹೊರಕ್ಕೆ ಸರಿದಿರುತ್ತವೆ. ಅದೇ ವೇಗದಲ್ಲಿ ಹಿಂದಕ್ಕೆ ಓಡಿಸಿದರೆ ದಾರಿಗಳೆಲ್ಲ ಒಂದೆಡೆ ಕೂಡುತ್ತವೆ. ತಗಲಿದ ಕಾಲವೇ ವಯಸ್ಸು.

ಆದರೆ ಎಲ್ಲ ಗಂಟುಗಳನ್ನೂ ನಂಬುವಂತಿಲ್ಲ. ಹೊರಗಿನ ಅನಿಲಕ್ಕೆ ಡಿಕ್ಕಿ ಹೊಡೆದು ನಿಧಾನವಾದವುಗಳನ್ನು ಸೇರಿಸಿದರೆ ಲೆಕ್ಕದಲ್ಲಿ ವಯಸ್ಸು ಉಬ್ಬುತ್ತದೆ. 2006ರಲ್ಲಿ 2050 ವರ್ಷವೆಂಬ ಅಂದಾಜಿತ್ತು. 2021ರಲ್ಲಿ ಅತಿ ವೇಗದ 22 ಗಂಟುಗಳನ್ನಷ್ಟೇ ಆರಿಸಿ ಅಳೆದಾಗ ಸುಮಾರು 1740 ಬಂತು, 175 ಆಚೀಚೆ. ಇದು ಆ ಸ್ಫೋಟದ ಬೆಳಕು ಭೂಮಿ ಮುಟ್ಟಿದ ಕಾಲ. ಹೊರಟದ್ದು ಅದಕ್ಕೂ 2 ಲಕ್ಷ ವರ್ಷ ಹಿಂದೆ. ಹಲ್ಮಿಡಿ ಶಾಸನ ಕೆತ್ತುವ ಮೊದಲೇ ಬೆಳಕು ಇಲ್ಲಿಗೆ ಬಂದಿರಬೇಕು.

ಸ್ಫೋಟದ ಕೇಂದ್ರ ಎಲ್ಲಿ ಎಂಬ ಇನ್ನೊಂದು ತಕರಾರು ಬಾಕಿಯಿದೆ. ಇಲ್ಲಿನ ಮ್ಯೂಸ್ ಉಪಕರಣ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುತ್ತದೆ. ನಮ್ಮತ್ತ ಬರುವ ಅನಿಲದ ಬೆಳಕು ನೀಲಿಗೆ, ದೂರ ಹೋಗುವುದರದು ಕೆಂಪಿಗೆ ವಾಲುತ್ತದೆ. 2018ರಲ್ಲಿ ಇದರ ಮಾಹಿತಿಯಲ್ಲಿ ಒಂದು ಅನಿಲದ ಉಂಗುರ ಕಂಡಿತು. ಅದರ ನಡುವೆ, ಎಕ್ಸ್‌ರೇ ದೂರದರ್ಶಕದ ಚಿತ್ರಗಳಲ್ಲಿ, ಸಿಡಿದ ನಕ್ಷತ್ರದ ಉಳಿದ ತಿರುಳು, ಅಂದರೆ ನ್ಯೂಟ್ರಾನ್ ನಕ್ಷತ್ರ, ಎನ್ನಬಹುದಾದ ಚುಕ್ಕೆಯೊಂದು ಸಿಕ್ಕಿತು. ಆದರೆ 2021ರ ಲೆಕ್ಕದ ಕೇಂದ್ರ ಬೇರೆಡೆ ಇದೆ. ಅಲ್ಲಿಂದ ಹೊರಟಿದ್ದರೆ ಆ ಚುಕ್ಕೆ ಗಂಟೆಗೆ 30 ಲಕ್ಷ ಕಿ.ಮೀ.ಗೂ ಮಿಕ್ಕಿ ಓಡಿರಬೇಕು. ಅಷ್ಟು ವೇಗ ವಿಪರೀತವೇ; ಅದು ನಿಜಕ್ಕೂ ನ್ಯೂಟ್ರಾನ್ ನಕ್ಷತ್ರವೇ ಎಂದು ಕೆಲವರು ಶಂಕಿಸಿದ್ದಾರೆ.

ಊರಿಗೆ ಬರುವಾಗ ಹಬಲ್ ಚಿತ್ರಗಳ ಪ್ರತಿ ತರುತ್ತೇನೆ. ನೀವೇ ಸ್ಕೇಲಿಟ್ಟು ಅಳೆದು ಲೆಕ್ಕ ಹಾಕಿ. ನಮ್ಮದು ತಪ್ಪೆನಿಸಿದರೆ ಜಗಳಕ್ಕೆ ನಾನು ಸಿದ್ಧ.

ಇಂತಿ ನಿಮ್ಮ ಮಗಳು,
ಸುಮಾ